ಹೆಬ್ಬೆಯ ನೀರು, ಕಡೂರಿನ ಬೋರು ಮತ್ತು ‘ನ್ಯಾನೋ’ ಫಿಲ್ಟರು

ಹೆಬ್ಬೆ ಜಲಪಾತಕ್ಕೆ ಹೋಗಿ ಬಂದ ಯಾರನ್ನೇ ಕೇಳಿ, ಮೊದಲು ಜೀಪಿನ ಕಥೆ ಹೇಳ್ತಾರೆ. ಕೆಮ್ಮಣ್ಣುಗುಂಡಿ ಕಡೆಯಿಂದ ಅರಣ್ಯ ಇಲಾಖೆಯ ಜೀಪು ಹತ್ತಿ, ಕಾಫಿ ತೋಟಗಳ ನಡುವೆ ಸೊಂಟ ಸಡಿಲವಾಗುವಂಥ ದಾರಿಯಲ್ಲಿ ಇಳಿದು, ಕೊನೆಗೆ ಒಂದಿಷ್ಟು ನಡೆದರೆ ಎದುರಿಗೇ ನೀರು. 168 ಮೀಟರ್ ಎತ್ತರದಿಂದ ಎರಡು ಹಂತದಲ್ಲಿ ಧುಮುಕುತ್ತೆ. ಮೇಲಿನದು ದೊಡ್ಡ ಹೆಬ್ಬೆ, ಕೆಳಗಿನದು ಚಿಕ್ಕ ಹೆಬ್ಬೆ. ಕಲ್ಲಿನ ಮೇಲೆ ಕೂತು ಬೊಗಸೆಯಲ್ಲಿ ನೀರು ಹಿಡಿದರೆ ಅಂಗೈ ಗೆರೆ ಎಣಿಸಬಹುದು, ಅಷ್ಟು ತಿಳಿ. ‘ಇದನ್ನೇ ಬಾಟಲಿಗೆ ತುಂಬಿಸ್ಕೊಂಡು ಹೋದ್ರೆ ಆಯ್ತಪ್ಪ, ಫಿಲ್ಟರ್ ಯಾಕೆ?’ ಅಂತ ಗುಂಪಿನಲ್ಲಿ ಒಬ್ಬರಾದರೂ ಅಂದೇ ಅಂತಾರೆ.

ಅದೇ ಘಟ್ಟ ಇಳಿದು, ತರೀಕೆರೆ ದಾಟಿ, ಅಜ್ಜಂಪುರ, ಕಡೂರಿನ ಬಯಲಿಗೆ ಬನ್ನಿ. ಕಾಡು ಹಿಂದೆ ಉಳಿಯುತ್ತೆ, ತೆಂಗಿನ ತೋಟ ಶುರುವಾಗುತ್ತೆ. ನೀರು ಅಂದರೆ ಬೋರ್‌ವೆಲ್. ಸ್ನಾನದ ಹಂಡೆಯ ಒಳಗೆ ಬಿಳಿ ಪದರ, ಹೀಟರ್ ಕಾಯಿಲ್ ಮೇಲೆ ಸುಣ್ಣದ ಪೊರೆ. ಊರಿನ ‘ಶುದ್ಧ ಕುಡಿಯುವ ನೀರಿನ ಘಟಕ’ದ ಮುಂದೆ 20 ಲೀಟರಿನ ಕ್ಯಾನು ಇಟ್ಟುಕೊಂಡು ಕಾಯುವ ಬೈಕುಗಳು. ಆದರೆ ಆ ಬೋರಿನ ನೀರನ್ನು ಗಾಜಿನ ಲೋಟಕ್ಕೆ ಹಿಡಿದರೆ ಅದೂ ಅಷ್ಟೇ ತಿಳಿ. ಹೆಬ್ಬೆಯದನ್ನೂ ಇದನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ಕಣ್ಣಿಗೆ ಗೊತ್ತಾಗಲ್ಲ.

ಈ ವಾರದ ಅಂಕಣ ಆ ಎರಡು ಲೋಟಗಳ ಬಗ್ಗೆ. ಜೊತೆಗೆ, ಈಗ ಎಲ್ಲ ಜಾಹೀರಾತಿನಲ್ಲೂ ಕಾಣಿಸುವ ‘ನ್ಯಾನೋ ಕಾರ್ಬನ್’, ‘ಗ್ರ್ಯಾಫೀನ್’ ಅನ್ನುವ ಪದಗಳ ಬಗ್ಗೆ.

ಶಾಯಿ ಹಾಕಿ ತೋರಿಸಿದರು

ಕೆಲವು ತಿಂಗಳ ಹಿಂದೆ ಕಡೂರು ಕಡೆಯ ಹಳ್ಳಿಯಿಂದ ಅಕ್ಕನ ಫೋನು. ಯಾರೋ ಮನೆಗೆ ಬಂದು ಫಿಲ್ಟರ್ ತೋರಿಸಿ ಹೋಗಿದ್ದರಂತೆ.

“ನೀಲಿ ಶಾಯಿ ಹಾಕಿದ ನೀರು ಮೇಲಿಂದ ಸುರಿದ್ರು ಕಣೇ, ಕೆಳಗೆ ಬಿಸ್ಲೇರಿ ಥರ ಬಂತು. ನ್ಯಾನೋ ಕಾರ್ಬನ್ ಅಂತೆ. ಎಲ್ಲಾ ವಿಷಾನೂ ಹಿಡಿಯತ್ತಂತೆ. ನಿಮ್ಮ ಭಾವ ತಗೊಳ್ಳೋಣ ಅಂತಿದಾರೆ. ಪಾಪು ಹಲ್ಲಿಗೆ ಒಳ್ಳೇದಂತೆ.”

ಕೊನೆಯ ಮಾತಿಗೆ ನನ್ನ ಕಿವಿ ನೆಟ್ಟಗಾಯ್ತು. ಪಾಪುಗೆ ಮೂರು ವರ್ಷ. ಆ ಬೀದಿಯಲ್ಲಿ ನಕ್ಕರೆ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣಿಸುವ ಮಕ್ಕಳಿದ್ದಾರೆ. ಊರಿನವರು ‘ನಮ್ಮ ನೀರೇ ಹಂಗೆ’ ಅಂತ ಬಿಟ್ಟಿದ್ದಾರೆ. ಆ ಪಟ್ಟೆಗೆ ಕಾರಣ ಫ್ಲೋರೈಡ್. ಹಾಗಾಗಿ ಅಕ್ಕನ ಪ್ರಶ್ನೆ ಫಿಲ್ಟರ್ ಕೊಳ್ಳಬೇಕಾ ಬೇಡವಾ ಅನ್ನುವುದಲ್ಲ. ಆ ಫಿಲ್ಟರ್ ಫ್ಲೋರೈಡ್ ಹಿಡಿಯುತ್ತಾ ಅನ್ನುವುದು.

“ಅಕ್ಕಾ, ಶಾಯಿ ಹೋಗಿದ್ದು ನಿಜ. ಅದ್ರಲ್ಲಿ ಮೋಸ ಇಲ್ಲ. ಆದ್ರೆ ನಿನ್ ಬೋರಲ್ಲಿ ಶಾಯಿ ಇಲ್ವಲ್ಲ” ಅಂದೆ.

ಅಕ್ಕ ನಕ್ಕಳು. ಆಮೇಲೆ, “ಹಂಗಾದ್ರೆ ಏನಿದೆ?” ಅಂದಳು. ಇಡೀ ವಿಷಯ ಇರುವುದು ಆ ಪ್ರಶ್ನೆಯಲ್ಲೇ.

ಇದ್ದಿಲಿನಿಂದ ಗ್ರ್ಯಾಫೀನ್‌ವರೆಗೆ

ನೀರಿಗೆ ಇದ್ದಿಲು ಹಾಕುವುದು ನಮಗೆ ಹೊಸದಲ್ಲ. ಮೂರು ಮಡಕೆ ಒಂದರ ಮೇಲೊಂದು ಇಟ್ಟು, ಜಲ್ಲಿ, ಮರಳು, ಇದ್ದಿಲು ತುಂಬಿದ ಫಿಲ್ಟರಿನ ಚಿತ್ರ ಶಾಲೆಯ ಪುಸ್ತಕದಲ್ಲಿ ನೀವೂ ಬಿಡಿಸಿರ್ತೀರಿ. ಇವತ್ತು ಅಡುಗೆಮನೆಯ ಗೋಡೆಗೆ ನೇತುಹಾಕಿದ ಮಷೀನಿನ ಒಳಗೂ ಒಂದು ಕಾರ್ಬನ್ ಕ್ಯಾಂಡಲ್ ಅಥವಾ ಕಾರ್ಟ್ರಿಜ್ ಇರುತ್ತೆ. ಹೆಚ್ಚಾಗಿ ಅದು ತೆಂಗಿನ ಚಿಪ್ಪಿನ ಇದ್ದಿಲು. ಕಡೂರು, ಅರಸೀಕೆರೆ, ತಿಪಟೂರಿನ ತೋಟಗಳಲ್ಲಿ ರಾಶಿ ಬೀಳುವ ಅದೇ ಚಿಪ್ಪು. ಗಾಳಿ ಇಲ್ಲದೆ ಸುಟ್ಟು, ಆಮೇಲೆ ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸಿದರೆ ಅದರ ತುಂಬಾ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಅದೇ ‘ಆ್ಯಕ್ಟಿವೇಟೆಡ್ ಕಾರ್ಬನ್’.

ಇದು ಜರಡಿ ಅಂತ ತುಂಬಾ ಜನ ತಿಳಿದಿದ್ದಾರೆ. ಜರಡಿಯಲ್ಲ. ಹೊಲದಲ್ಲಿ ಓಡಾಡಿ ಬಂದರೆ ಪಂಚೆಗೆ ಉತ್ತರಾಣಿ ಬೀಜ ಅಂಟಿಕೊಂಡಿರುತ್ತಲ್ಲ, ಹಾಗೆ ನೀರಿನಲ್ಲಿರುವ ಕೆಲವು ಅಣುಗಳು ಇದ್ದಿಲಿನ ಮೈಗೆ ಅಂಟಿಕೊಳ್ಳುತ್ತವೆ. ಪಂಚೆ ದೊಡ್ಡದಿದ್ದಷ್ಟೂ ಬೀಜ ಹೆಚ್ಚು. ಒಂದು ಗ್ರಾಂ ಒಳ್ಳೆಯ ಆ್ಯಕ್ಟಿವೇಟೆಡ್ ಕಾರ್ಬನ್ನಿನ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್ ಆಗುತ್ತೆ. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ, ಅಂದರೆ ಕಾಲು ಎಕರೆ. ಒಂದು ಚಿಟಿಕೆ ಪುಡಿಯಲ್ಲಿ ಕಾಲು ಎಕರೆ!

ನ್ಯಾನೋ ಅನ್ನೋದು ಇದೇ ದಾರಿಯಲ್ಲಿ ಮುಂದಿನ ಹೆಜ್ಜೆ. ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಕಾರ್ಬನ್ ನ್ಯಾನೋಟ್ಯೂಬ್‌ಗಳ ಬಗ್ಗೆ ಬರೆದ ಮೇಲೆ ಜಗತ್ತಿನ ಗಮನ ಇತ್ತ ತಿರುಗಿತು. ಇಂಗಾಲದ ಅಣುಗಳ ಒಂದೇ ಒಂದು ಪದರವನ್ನು ಚಾಪೆ ಸುತ್ತಿದ ಹಾಗೆ ಸುತ್ತಿದರೆ ಅದು ನ್ಯಾನೋಟ್ಯೂಬ್. ಚಾಪೆಯನ್ನು ಹಾಸಿಯೇ ಬಿಟ್ಟರೆ ಗ್ರ್ಯಾಫೀನ್. ಅದನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ 2004ರಲ್ಲಿ ಪೆನ್ಸಿಲಿನೊಳಗೂ ಇರುವ ಗ್ರ್ಯಾಫೈಟ್‌ಗೆ ಅಂಟುಟೇಪು ಹಚ್ಚಿ ಕಿತ್ತು ಕಿತ್ತು ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಬಂತು.

ಗ್ರ್ಯಾಫೀನ್‌ಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಪೂರ್ತಿ ಮೈಯೇ. ಲೆಕ್ಕದ ಪ್ರಕಾರ ಒಂದು ಗ್ರಾಂಗೆ 2,630 ಚದರ ಮೀಟರ್, ಅಂದರೆ 26 ಗುಂಟೆ. ನೀರಿನ ವಿಜ್ಞಾನಿಗಳಿಗೆ ಇದರ ಮೇಲೆ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವೇ ಇಲ್ಲ.

ಸಕ್ಕರೆ, ಮರಳು ಮತ್ತು ಮದರಾಸು

ಆಸೆಯ ಜೊತೆ ತೊಂದರೆಯೂ ಬಂತು. ಇಷ್ಟು ಸಣ್ಣ ಪುಡಿಯನ್ನು ನೀರಿಗೆ ಹಾಕಿದರೆ ವಾಪಸ್ ತೆಗೆಯೋದು ಹೇಗೆ? ನೀರಿನ ಜೊತೆ ಅದೇ ಹೊಟ್ಟೆಗೆ ಹೋದರೆ? ಕೊಳವೆಯಲ್ಲಿ ತುಂಬಿದರೆ ಪುಡಿ ಗಟ್ಟಿಯಾಗಿ ನೀರೇ ಇಳಿಯಲ್ಲ. ಬೆಲೆ ಬೇರೆ.

ಇದಕ್ಕೆ ಒಂದು ಚಂದದ ಉತ್ತರ ಬಂದಿದ್ದು ಐಐಟಿ ಮದರಾಸಿನಿಂದ. ಅಲ್ಲಿನ ಪ್ರೊ. ಟಿ. ಪ್ರದೀಪ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಸಕ್ಕರೆ ನೀರನ್ನು ಹೊಳೆ ಮರಳಿಗೆ ಬೆರೆಸಿ, ಒಣಗಿಸಿ, ಗಾಳಿಯ ಬದಲು ಸಾರಜನಕ ತುಂಬಿದ ಕುಲುಮೆಯಲ್ಲಿ 750 ಡಿಗ್ರಿಗೆ ಕಾಯಿಸಿದರು. ಸಕ್ಕರೆ ಸುಟ್ಟು ಗ್ರ್ಯಾಫೀನಿನಂಥ ಪದರವಾಗಿ ಮರಳಿನ ಕಾಳಿಗೆ ಅಂಟಿಕೊಂಡಿತು. ಈಗ ಅದು ಹಾರುವ ಪುಡಿಯಲ್ಲ, ಕಪ್ಪು ಮರಳು. ಕೊಳವೆಗೆ ತುಂಬಬಹುದು, ನೀರು ಸರಾಗ ಇಳಿಯುತ್ತೆ.

ಅವರು ಅದನ್ನು ಪರೀಕ್ಷಿಸಿದ್ದು ಎರಡು ವಸ್ತುಗಳ ಮೇಲೆ. ಒಂದು ರೋಡಮಿನ್ ಅನ್ನುವ ಬಣ್ಣ. ಇನ್ನೊಂದು ಕ್ಲೋರ್‌ಪೈರಿಫಾಸ್ ಕೀಟನಾಶಕ. ಹೊಲ, ತೋಟ ಇರುವವರಿಗೆ ಈ ಹೆಸರು ಪರಿಚಯವೇ. ಎರಡನ್ನೂ ಕಪ್ಪು ಮರಳು ಚೆನ್ನಾಗಿ ಹಿಡಿಯಿತು.

ಇಲ್ಲಿ ಒಂದು ಕ್ಷಣ ನಿಲ್ಲಿ. ಬಣ್ಣ ಮತ್ತು ಕೀಟನಾಶಕ. ಇವೆರಡನ್ನೇ ಯಾಕೆ ಆರಿಸಿದರು? ಇಂಗಾಲದ ಹಾಳೆಗೆ ಇಷ್ಟವಾಗುವುದು ಅದೇ ಜಾತಿಯ ಅಣುಗಳು. ಇಂಗಾಲದ ಉಂಗುರಗಳಿರುವ, ಚಪ್ಪಟೆಯಾದ, ನೀರಿನ ಜೊತೆ ಅಷ್ಟಾಗಿ ಹೊಂದಿಕೊಳ್ಳದ ಅಣುಗಳು ಇಂಗಾಲದ ಮೈ ಸಿಕ್ಕಿದ ಕೂಡಲೇ ಎಲೆಯ ಮೇಲೆ ಎಲೆ ಜೋಡಿಸಿದ ಹಾಗೆ ಕೂತುಬಿಡುತ್ತವೆ. ಶಾಯಿಯ ಬಣ್ಣ, ಹಲವು ಕೀಟನಾಶಕಗಳು, ಔಷಧದ ಉಳಿಕೆ, ಕೊಳೆತ ಎಲೆಯ ವಾಸನೆ ಇವೆಲ್ಲ ಆ ಪಟ್ಟಿಯಲ್ಲಿವೆ. ನಲ್ಲಿ ನೀರಿನ ಕ್ಲೋರಿನ್ ವಾಸನೆಯನ್ನೂ ಕಾರ್ಬನ್ ಹೋಗಲಾಡಿಸುತ್ತೆ. ಬೆಂಗಳೂರಿನ ನಿಮ್ಮ ಪಿಜಿಯಲ್ಲಿ ಫಿಲ್ಟರ್ ನೀರು ‘ಸಿಹಿ’ ಅನ್ನಿಸಲು ಅದೂ ಒಂದು ಕಾರಣ.

ಅಂದರೆ ಅಕ್ಕನ ಮನೆಗೆ ಬಂದವರು ಶಾಯಿಯನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಕಾರ್ಬನ್ ಖಂಡಿತ ಪಾಸಾಗುವ ಪರೀಕ್ಷೆ ಅದು. ಮನೆಯಲ್ಲಿರುವ ಹಳೇ ಇದ್ದಿಲನ್ನು ಚೆನ್ನಾಗಿ ಪುಡಿ ಮಾಡಿದರೂ ಶಾಯಿ ಎಷ್ಟೋ ತಿಳಿಯಾಗುತ್ತೆ.

ಫ್ಲೋರೈಡ್ ಯಾಕೆ ಸಿಗಲ್ಲ?

ಈಗ ಕಡೂರಿನ ಲೋಟಕ್ಕೆ ಬರೋಣ. ಬಯಲುಸೀಮೆಯ ನೆಲದಡಿ ಇರೋದು ಗ್ರಾನೈಟ್, ನೈಸ್ ಜಾತಿಯ ಬಂಡೆ. ಆ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆ ಕಡಿಮೆ, ಬೋರು ಆಳ. ನೀರು ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ಕೂತಷ್ಟೂ ಫ್ಲೋರೈಡ್ ಕರಗಿ ಸೇರುತ್ತಾ ಹೋಗುತ್ತೆ. ಇದು ಯಾವ ಫ್ಯಾಕ್ಟರಿಯೂ ಮಾಡಿದ ಮಾಲಿನ್ಯ ಅಲ್ಲ, ನೆಲದ್ದೇ ಗುಣ. ಹೆಬ್ಬೆಯಂಥ ಹಳ್ಳದ ನೀರು ನಿನ್ನೆ ಮೊನ್ನೆಯ ಮಳೆ. ಬಂಡೆಯ ಜೊತೆ ಅಷ್ಟು ಹೊತ್ತು ಕೂತಿರಲ್ಲ.

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಾದರೆ ಮೊದಲು ಹೊಡೆತ ಬೀಳೋದು ಮಕ್ಕಳ ಹಲ್ಲಿಗೆ. ಶಾಶ್ವತ ಹಲ್ಲಿನ ಎನಾಮಲ್ ಒಸಡಿನ ಒಳಗೇ ತಯಾರಾಗುವುದು ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ. ಆಗ ಕುಡಿದ ನೀರಿನ ಲೆಕ್ಕ ಆಮೇಲೆ ನಗುವಾಗ ಕಾಣಿಸುತ್ತೆ. ಇನ್ನೂ ಹೆಚ್ಚಿನ ಪ್ರಮಾಣದ ನೀರನ್ನು ಬಹಳ ವರ್ಷ ಕುಡಿದರೆ ಮೂಳೆ, ಕೀಲುಗಳೂ ಬಿಗಿಯುತ್ತವೆ. ಪಾಪುಗೆ ಮೂರು ವರ್ಷ ಅಂದೆನಲ್ಲ, ಅದಕ್ಕೇ ಅಕ್ಕನ ಪ್ರಶ್ನೆಗೆ ಅವಸರ ಇತ್ತು.

ಫ್ಲೋರೈಡ್ ಕಾರ್ಬನ್ನಿಗೆ ಯಾಕೆ ಅಂಟಲ್ಲ? ಅದು ಪುಟ್ಟ ಅಯಾನು, ಋಣ ವಿದ್ಯುದಂಶ ಇರುವಂಥದ್ದು. ನೀರಿನ ಅಣುಗಳು ಅದನ್ನು ಬಿಗಿಯಾಗಿ ಸುತ್ತುವರಿದಿರುತ್ತವೆ, ಮದುವೆಮನೆಯಲ್ಲಿ ನೆಂಟರ ಮಧ್ಯೆ ಸಿಕ್ಕಿಕೊಂಡ ಮದುಮಗನ ಹಾಗೆ. ಆ ಗುಂಪು ಬಿಟ್ಟು ಇಂಗಾಲದ ಹತ್ತಿರ ಬರಲು ಅದಕ್ಕೆ ಕಾರಣವೇ ಇಲ್ಲ. ‘ಗ್ರ್ಯಾಫೀನ್ ಆಕ್ಸೈಡ್’ ಅಂತ ಇನ್ನೊಂದು ರೂಪ ಇದೆ, ಮೈಮೇಲೆ ಆಮ್ಲಜನಕ ಕೂತಿರುವ ಗ್ರ್ಯಾಫೀನ್. ಮಾಮೂಲಿ ನೀರಿನಲ್ಲಿ ಅದರ ಮೈಯೂ ಋಣವೇ. ಹಾಗಾಗಿ ಸೀಸ, ಕ್ಯಾಡ್ಮಿಯಂನಂಥ ಧನ ಅಯಾನುಗಳನ್ನು ಬಾ ಅಂತ ಕರೆಯುತ್ತೆ, ಫ್ಲೋರೈಡನ್ನು ದೂರ ತಳ್ಳುತ್ತೆ. ನೈಟ್ರೇಟ್ ಕೂಡ ಹೀಗೇ. ಗೊಬ್ಬರದಿಂದ, ಶೌಚದ ಗುಂಡಿಯಿಂದ ಬೋರಿಗೆ ಇಳಿಯುವ ಅದನ್ನೂ ಬರೀ ಕಾರ್ಬನ್ ಹಿಡಿಯಲ್ಲ. ನೀರಿನ ಗಡಸುತನವನ್ನೂ ಅಷ್ಟೇ.

ಹಾಗಂತ ಗ್ರ್ಯಾಫೀನ್ ಫ್ಲೋರೈಡಿಗೆ ಕೆಲಸಕ್ಕೇ ಬಾರದು ಅಂತಲ್ಲ. ಅದರ ಮೇಲೆ ಅಲ್ಯುಮಿನಿಯಂ ಅಥವಾ ಜಿರ್ಕೋನಿಯಂ ಆಕ್ಸೈಡಿನ ಕಣಗಳನ್ನು ಕೂರಿಸಿದರೆ ಫ್ಲೋರೈಡ್ ಸಿಗುತ್ತೆ ಅಂತ ಹಲವು ಪ್ರಯೋಗಾಲಯಗಳು ತೋರಿಸಿವೆ. ಆದರೆ ಅಲ್ಲಿ ಹಿಡಿಯುವ ಕೈ ಲೋಹದ್ದು, ಗ್ರ್ಯಾಫೀನ್ ಬರೀ ಜಗಲಿ. ಡಬ್ಬದ ಮೇಲೆ ‘ನ್ಯಾನೋ ಕಾರ್ಬನ್’ ಅಂತ ಮಾತ್ರ ಬರೆದಿದ್ದರೆ ಜಗಲಿ ಮೇಲೆ ಯಾರಿದ್ದಾರೆ ಅಂತ ನಮಗೆ ಗೊತ್ತಾಗಲ್ಲ.

ಇನ್ನೊಂದು ಮಾತು ಅಮ್ಮಂದಿರಿಗೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ, ಉಳಿದ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ. ಕುದಿಸೋದು ರೋಗಾಣುಗಳಿಗೆ ಮದ್ದು, ಬಂಡೆಯಿಂದ ಬಂದದ್ದಕ್ಕಲ್ಲ.

ಒಂದು ಕೆ.ಜಿ. ಎಷ್ಟು ದಿನ?

ಸರಿ, ಫ್ಲೋರೈಡ್ ಹಿಡಿಯುವ ಪುಡಿಯೇ ಸಿಕ್ಕಿತು ಅಂದುಕೊಳ್ಳಿ. ಆಗಲೂ ಒಂದು ಸಣ್ಣ ಲೆಕ್ಕ ಮಾಡಿ. ನಾಲ್ಕು ಜನರ ಮನೆ, ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 20 ಲೀಟರ್. ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ, ಅದನ್ನು 1ಕ್ಕೆ ಇಳಿಸಬೇಕು. ಅಂದರೆ ದಿನಕ್ಕೆ 40 ಮಿಲಿಗ್ರಾಂ ಹಿಡಿಯಬೇಕು. ನಿಜವಾದ ಬೋರಿನ ನೀರಿನಲ್ಲಿ ಒಂದು ಗ್ರಾಂ ಪುಡಿ ಒಂದು ಮಿಲಿಗ್ರಾಂ ಹಿಡಿಯುತ್ತೆ ಅಂತಿಟ್ಟುಕೊಂಡರೆ ದಿನಕ್ಕೆ 40 ಗ್ರಾಂ ಪುಡಿ ಖರ್ಚು. ಒಂದು ಕೆ.ಜಿ. 25 ದಿನಕ್ಕೆ ಮುಗಿಯಿತು.

ಮುಗಿದ ಮೇಲೂ ನೀರು ಬರುತ್ತಲೇ ಇರುತ್ತೆ. ತಿಳಿಯಾಗಿಯೇ ಬರುತ್ತೆ. ರುಚಿ ಬದಲಾಗಲ್ಲ, ಲೈಟು ಹತ್ತಲ್ಲ. ಅದೇ ಇದರ ಅಪಾಯ.

ಪ್ರಯೋಗಾಲಯದ ಸಂಖ್ಯೆಗಳು ಇದಕ್ಕಿಂತ ದೊಡ್ಡದಾಗಿ ಕಾಣಿಸುತ್ತವೆ. ಯಾಕೆಂದರೆ ಅಲ್ಲಿ ಎಷ್ಟೋ ಸಲ ಶುದ್ಧ ನೀರಿಗೆ ಒಂದೇ ಒಂದು ಮಾಲಿನ್ಯ ಬೆರೆಸಿ ಪರೀಕ್ಷೆ ಮಾಡ್ತಾರೆ. ನಮ್ಮ ಬೋರಿನಲ್ಲಿ ಬೈಕಾರ್ಬೊನೇಟ್, ಸಲ್ಫೇಟ್ ಎಲ್ಲ ಸೇರಿ ಅದೇ ಸೀಟಿಗೆ ಟವೆಲ್ ಹಾಕಲು ನುಗ್ಗುತ್ತವೆ. ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ ನಡೀತಿರೋದು

ಇಷ್ಟೆಲ್ಲ ಓದಿ ‘ಹಾಗಾದ್ರೆ ಇದೆಲ್ಲ ಬರೀ ಜಾಹೀರಾತಾ?’ ಅಂತ ಕೇಳಬೇಡಿ. ಅಲ್ಲ. ಈ ವಿಜ್ಞಾನ ಎಲ್ಲಿ ಗಟ್ಟಿಯಾಗಿದೆ ಅನ್ನೋದಕ್ಕೆ ನಮ್ಮ ಐಐಎಸ್‌ಸಿಯಲ್ಲೇ ಉದಾಹರಣೆ ಇದೆ.

2024ರಲ್ಲಿ ಅಲ್ಲಿನ ಪ್ರೊ. ಸೂರ್ಯಸಾರಥಿ ಬೋಸ್ ಅವರ ತಂಡ ನೀರಿನಲ್ಲಿರುವ ಮೈಕ್ರೋಪ್ಲಾಸ್ಟಿಕ್ ತೆಗೆಯುವ ಹೈಡ್ರೋಜೆಲ್ ಬಗ್ಗೆ ತಿಳಿಸಿತು. ಹೈಡ್ರೋಜೆಲ್ ಅಂದರೆ ನೀರು ಕುಡಿದು ಉಬ್ಬುವ ಜೆಲ್ಲಿಯಂಥ ವಸ್ತು. ಅದರೊಳಗೆ ತಾಮ್ರ ಸೇರಿಸಿದ ನ್ಯಾನೋ ಗುಚ್ಛಗಳಿವೆ. ಜೆಲ್ಲಿ ಪ್ಲಾಸ್ಟಿಕ್ ಚೂರುಗಳನ್ನು ಹಿಡಿದುಕೊಳ್ಳುತ್ತೆ, ಗುಚ್ಛಗಳು ಅಲ್ಟ್ರಾವಯಲೆಟ್ ಬೆಳಕಿನ ಸಹಾಯದಿಂದ ಅವನ್ನು ಒಡೆಯುತ್ತವೆ. ಎರಡು ಬಗೆಯ ಮೈಕ್ರೋಪ್ಲಾಸ್ಟಿಕ್‌ಗಳಲ್ಲಿ ಒಂದನ್ನು ಶೇ 95ರಷ್ಟು, ಇನ್ನೊಂದನ್ನು ಶೇ 99.9ರಷ್ಟು ತೆಗೆಯಿತು. ಐದು ಸಲ ಮತ್ತೆ ಮತ್ತೆ ಬಳಸಬಹುದು.

ನನಗೆ ಇಷ್ಟವಾಗಿದ್ದು ಆಮೇಲಿನ ಭಾಗ. ಕೆಲಸ ಮುಗಿದ ಜೆಲ್ಲಿಯನ್ನು ಎಸೆಯುವ ಬದಲು ಇಂಗಾಲದ ನ್ಯಾನೋವಸ್ತುವಾಗಿ ಮಾರ್ಪಡಿಸಿ, ಅದರಿಂದ ಹೆಕ್ಸಾವೇಲೆಂಟ್ ಕ್ರೋಮಿಯಂನಂಥ ಲೋಹವನ್ನು ನೀರಿನಿಂದ ತೆಗೆಯಬಹುದು ಅಂತ ಅವರು ಹೇಳುತ್ತಾರೆ. ಫಿಲ್ಟರಿನ ಕಸಕ್ಕೂ ಒಂದು ಕೆಲಸ.

ಆ ತಂಡದ ಮಾತಿನಲ್ಲಿ ‘ಎಲ್ಲಾ ವಿಷಾನೂ’ ಅನ್ನುವ ಪದ ಇಲ್ಲ. ಯಾವ ಮಾಲಿನ್ಯ, ಎಷ್ಟು ಶೇಕಡ, ಎಷ್ಟು ಸಲ, ಆಮೇಲೆ ಏನು ಅಂತ ಬಿಡಿಸಿ ಹೇಳುತ್ತಾರೆ. ನಿಜವಾದ ಕೆಲಸ ಮಾಡಿದವರು ಹೀಗೇ ಮಾತಾಡ್ತಾರೆ. ಮಾರಲು ಬಂದವರನ್ನೂ ನಾವು ಇದೇ ನಾಲ್ಕು ಪ್ರಶ್ನೆ ಕೇಳಬೇಕು.

ಅಕ್ಕ ಮಾಡಿದ್ದು

ಅಕ್ಕ ಫಿಲ್ಟರಿನವರಿಗೆ ಫೋನ್ ಮಾಡಿ, “ಫ್ಲೋರೈಡ್ ಎಷ್ಟು ಇಳಿಯುತ್ತೆ, ಲ್ಯಾಬ್ ರಿಪೋರ್ಟ್ ಕೊಡಿ” ಅಂದಳು. ಅವರು ಇನ್ನೊಂದು ಡೆಮೊ ಕೊಡ್ತೀವಿ, ಟಿಡಿಎಸ್ ಪೆನ್ನು ಹಾಕಿ ತೋರಿಸ್ತೀವಿ ಅಂದರು. ಟಿಡಿಎಸ್ ಪೆನ್ನು ಕರಗಿರುವ ಲವಣಗಳ ಒಟ್ಟು ಅಂದಾಜು ಕೊಡುತ್ತೆ ಅಷ್ಟೆ. 800 ಅಂತ ತೋರಿಸಿದಾಗ ಅದರಲ್ಲಿ ಫ್ಲೋರೈಡ್ 1 ಇದೆಯಾ 3 ಇದೆಯಾ ಅಂತ ಅದಕ್ಕೆ ಗೊತ್ತಾಗಲ್ಲ.

ಆಮೇಲೆ ಅಕ್ಕ ಗ್ರಾಮ ಪಂಚಾಯ್ತಿಗೆ ಹೋದಳು. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟಿದ್ದಾರೆ. ಕಿಟ್‌ನಲ್ಲಿ ಬಣ್ಣ ಹೋಲಿಸಿ ನೋಡಿದಾಗಲೇ ಅನುಮಾನ ಬಂತು. ಆಮೇಲೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಸ್ಯಾಂಪಲ್ ಹೋಯ್ತು. ರಿಪೋರ್ಟಿನಲ್ಲಿ ಫ್ಲೋರೈಡ್ 1.5ರ ಗೆರೆ ದಾಟಿತ್ತು.

ಈಗ ಮನೆಯಲ್ಲಿ ಪಾಪು ಕುಡಿಯುವ ನೀರು, ಅನ್ನ ಸಾರಿನ ನೀರು ಎರಡೂ ಊರಿನ ಆರ್‌ಒ ಘಟಕದ್ದು. ಅಡುಗೆಯನ್ನು ಮರೆಯಬೇಡಿ. ಬೇಳೆ ಬೇಯಿಸಿದ ನೀರಿನ ಫ್ಲೋರೈಡೂ ಹೊಟ್ಟೆಗೇ ಹೋಗುತ್ತೆ. ಸ್ನಾನ, ಪಾತ್ರೆ, ಬಟ್ಟೆಗೆ ಬೋರಿನ ನೀರೇ ಸಾಕು. ಭಾವ ಮುಂದಿನ ಮಳೆಗಾಲಕ್ಕೆ ಮಾಳಿಗೆ ನೀರು ಹಿಡಿಯುವ ತೊಟ್ಟಿ ಕಟ್ಟಿಸುವ ಲೆಕ್ಕದಲ್ಲಿದ್ದಾರೆ. ಫಿಲ್ಟರಿಗೆ ಅಂತ ಇಟ್ಟಿದ್ದ ದುಡ್ಡು ಅಲ್ಲಿಗೆ.

ಆ ಲೆಕ್ಕವೂ ಚೆನ್ನಾಗಿದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಮಾಳಿಗೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಹಿಡಿದರೂ 60,000 ಲೀಟರ್ ಬೀಳುತ್ತೆ. ಹರಿದು, ಒಣಗಿ ಹೋದದ್ದು ಬಿಟ್ಟು ಅರ್ಧ ಸಿಕ್ಕರೂ 30,000. ದಿನಕ್ಕೆ 20 ಲೀಟರಿನಂತೆ ಇಡೀ ವರ್ಷಕ್ಕೆ ಬೇಕಾಗೋದು 7,300. ಮಳೆ ನೀರಿನಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಜಲ್ಲಿ, ಮರಳು, ಇದ್ದಿಲಿನ ಪದರದ ಮೂಲಕ ಹಾಯಿಸಿ ತೊಟ್ಟಿಗೆ ತುಂಬಬಹುದು. ಎಲೆಯ ಬಣ್ಣ, ವಾಸನೆ ಹೋಗಲಾಡಿಸಲು ಇದ್ದಿಲು ಇಲ್ಲಿ ಸರಿಯಾದ ಜಾಗದಲ್ಲಿ ಕೂತಿರುತ್ತೆ. ಕುಡಿಯುವ ಮುಂಚೆ ಕುದಿಸಿದರೆ ಆಯ್ತು.

ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ ಅಜ್ಜಂಪುರದ ಹತ್ತಿರವೇ ಹಾದುಹೋಗುತ್ತೆ. ಘಟ್ಟದ ಕಡೆಯ ನೀರು ಬಯಲಿನ ಕೆರೆಗಳಿಗೆ, ನಲ್ಲಿಗಳಿಗೆ ಬಂದಷ್ಟೂ ನಮ್ಮ ಪ್ರಶ್ನೆಯೂ ಬದಲಾಗುತ್ತೆ. ಆಗ ಫ್ಲೋರೈಡ್ ಚಿಂತೆ ಕಡಿಮೆಯಾಗಿ, ತೋಟ, ಗದ್ದೆಯ ಔಷಧಿ, ಊರುಗಳ ಕೊಳಚೆ, ರೋಗಾಣುಗಳ ಚಿಂತೆ ಶುರು. ಆ ನೀರಿಗೆ ಕಾರ್ಬನ್ ಬೇಕಾಗುತ್ತೆ, ಅದರ ಜೊತೆಗೆ ರೋಗಾಣು ಕೊಲ್ಲುವ ವ್ಯವಸ್ಥೆಯೂ ಬೇಕು. ಕಾರ್ಬನ್ ಕ್ಲೋರಿನ್ನನ್ನೂ ತೆಗೆದುಬಿಡುವುದರಿಂದ ಬದಲಾಯಿಸದ ಹಳೇ ಕಾರ್ಟ್ರಿಜ್ಜಿನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತವೆ. ಹೆಬ್ಬೆಯ ನೀರಿಗೂ ಇದೇ ಮಾತು. ಮೇಲೆ ಕಾಡಿದೆ, ಕಾಡಿನಲ್ಲಿ ಪ್ರಾಣಿಗಳಿವೆ. ತಿಳಿಯಾಗಿದೆ ಅಂತ ಬೊಗಸೆಯಲ್ಲಿ ಕುಡಿಯಬೇಡಿ, ಮುಖ ತೊಳೆದು ಬನ್ನಿ.

ಈ ಭಾನುವಾರಕ್ಕೆ ಒಂದು ಕೆಲಸ

ನೀವು ಬೆಂಗಳೂರಲ್ಲೋ ಪುಣೆಯಲ್ಲೋ ಇದ್ದು, ಅಪ್ಪ ಅಮ್ಮ ಊರಲ್ಲಿದ್ದರೆ, ಆನ್‌ಲೈನಿನಲ್ಲಿ ಫಿಲ್ಟರ್ ಆರ್ಡರ್ ಮಾಡುವ ಮುಂಚೆ ಇಷ್ಟು ಮಾಡಿ.

ಮುಂದಿನ ಸಲ ಊರಿಗೆ ಹೋದಾಗ ಒಂದು ಲೀಟರಿನ ಶುಚಿಯಾದ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಫ್ಲೋರೈಡ್ ಪರೀಕ್ಷೆಗೆ ಗಾಜು ಬೇಡ. ಬೋರನ್ನು ಐದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಬಾಟಲಿಯನ್ನು ಎರಡು ಮೂರು ಸಲ ಗಲಬರಿಸಿ, ತುಂಬಿಸಿ. ಪಂಚಾಯ್ತಿಯಲ್ಲಿ ವಿಚಾರಿಸಿ, ಹತ್ತಿರದ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಡಿ. ಫ್ಲೋರೈಡ್, ನೈಟ್ರೇಟ್, ಟಿಡಿಎಸ್, ಗಡಸುತನ, ಬ್ಯಾಕ್ಟೀರಿಯಾ ಈ ಐದನ್ನು ಕೇಳಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಬೇರೆ ಬಾಟಲಿ ಕೊಡ್ತಾರೆ.

ರಿಪೋರ್ಟ್ ಬಂದ ಮೇಲೆ ಹೀಗೆ ನೋಡಿ. ಫ್ಲೋರೈಡ್ 1.5ಕ್ಕಿಂತ ಮೇಲೆ ಅಥವಾ ನೈಟ್ರೇಟ್ 45ಕ್ಕಿಂತ ಮೇಲೆ ಇದ್ದರೆ ಬರೀ ಕಾರ್ಬನ್ ಫಿಲ್ಟರ್ ಬೇಡ, ಅದರ ಹೆಸರಿನ ಮುಂದೆ ನ್ಯಾನೋ ಇದ್ದರೂ ಬೇಡ. ಆರ್‌ಒ, ಇಲ್ಲವೇ ಮಳೆ ನೀರು ನೋಡಿ. ಫ್ಲೋರೈಡ್ ಒಂದೇ ಹೆಚ್ಚಿದ್ದರೆ ಆ್ಯಕ್ಟಿವೇಟೆಡ್ ಅಲ್ಯುಮಿನಾ ಕೂಡ ಆಗುತ್ತೆ, ಆದರೆ ಅದು ತುಂಬಿದಾಗ ಬದಲಾಯಿಸುವವರು ಬೇಕು. ಇವೆರಡೂ ಮಿತಿಯಲ್ಲಿದ್ದು ಬರೀ ಬ್ಯಾಕ್ಟೀರಿಯಾ ಇದ್ದರೆ ಕುದಿಸಿ ಅಥವಾ ಯುವಿ ಹಾಕಿ. ವಾಸನೆ, ಬಣ್ಣ, ಕ್ಲೋರಿನ್, ಕೀಟನಾಶಕದ ಅನುಮಾನ ಇದ್ದರೆ ಆಗ ಕಾರ್ಬನ್ನಿನ ಸರದಿ. ಒಳ್ಳೆಯ ತೆಂಗಿನ ಚಿಪ್ಪಿನ ಕಾರ್ಬನ್ನನ್ನು ಹೊತ್ತು ಹೊತ್ತಿಗೆ ಬದಲಾಯಿಸಿದರೆ ಅದೇ ಸಾಕಷ್ಟು ಕೆಲಸ ಮಾಡುತ್ತೆ.

ಗ್ರ್ಯಾಫೀನ್ ಫಿಲ್ಟರುಗಳು ಮುಂದೆ ನಮ್ಮ ಅಡುಗೆಮನೆಗೆ ಖಂಡಿತ ಬರಬಹುದು. ಬರಲಿ, ನನಗೂ ಖುಷಿಯೇ. ಬಂದಾಗ ನಿಮ್ಮೂರಿನ ನೀರಿನ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಅವರ ಜೊತೆ ಮಾತಾಡಿ. ರಿಪೋರ್ಟಿನಲ್ಲಿ ಏನು ಬಂತು ಅಂತ ನನಗೂ ಬರೆದು ತಿಳಿಸಿ. ಯಾವ ತಾಲ್ಲೂಕು, ಎಷ್ಟು ಆಳದ ಬೋರು ಅನ್ನೋದನ್ನೂ ಸೇರಿಸಿ.